ಎಲ್ಲರಿಗೂ ಕಂಡ ಸೊನ್ನೆ

2023ನೆಯ ಇಸವಿ. ಬ್ಯಾಂಕಿನಿಂದ ರಿಟೈರ್ ಆಗಿ ಕೆಲವು ವರ್ಷಗಳು ಕಳೆದಿದ್ದವು. ನಾನಾಗ ಹಾನಗಲ್ಲಿನಲ್ಲಿ ಆರ್ಥಿಕ ಸಾಕ್ಷರತಾ ಕೇಂದ್ರದ ಕೌನ್ಸೆಲರ್. ಹೆಸರು ದೊಡ್ಡದು, ಆಫೀಸು ಸಣ್ಣದು. ಒಂದು ಬ್ಯಾಂಕ್ ಶಾಖೆಯ ಮೇಲಿನ ಮಹಡಿಯಲ್ಲಿ ಒಂದು ಮೇಜು, ಎರಡು ಕುರ್ಚಿ, ಪೂರ್ತಿ ತೆರೆಯದ ಒಂದು ಕಿಟಕಿ. ಇಂಥ ಕೇಂದ್ರಗಳಿಗೆ ನಿವೃತ್ತ ಅಧಿಕಾರಿಗಳನ್ನೇ ಗುತ್ತಿಗೆಯ ಮೇಲೆ ತೆಗೆದುಕೊಳ್ಳುತ್ತಾರೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳ ಊರುಗಳಲ್ಲಿ ಕ್ಯಾಂಪ್ ಮಾಡಬೇಕು. ಖಾತೆಗೆ ನಾಮಿನಿ ಮಾಡಿಸಿ, ಒಟಿಪಿ ಯಾರಿಗೂ ಹೇಳಬೇಡಿ, ಓದದೆ ಸಹಿ ಹಾಕಬೇಡಿ ಎಂದು ಹೇಳಬೇಕು. ಸವಣೂರಿನ ಎಲೆಬಳ್ಳಿ ತೋಟದವರಿಗೂ ಅದೇ ಮಾತು, ರಟ್ಟೀಹಳ್ಳಿ ದಾರಿಯ ಬೀಜದ ಹೊಲದವರಿಗೂ ಅದೇ ಮಾತು.

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳಾದ್ದರಿಂದ ನನ್ನ ಕನ್ನಡದಲ್ಲಿ ಇಂದಿಗೂ ಇಂಗ್ಲಿಷ್ ಜಾಸ್ತಿ. ಸಿಟ್ಟು ಬಂದರೆ ಪೂರ್ತಿ ಇಂಗ್ಲಿಷೇ. ಒಮ್ಮೆ ಕ್ಯಾಂಪಿನಲ್ಲಿ ಗದ್ದಲ ಹೆಚ್ಚಾಗಿ ನಾನು ರೇಗಿದಾಗ ಹೆಂಗಸೊಬ್ಬಳು, "ಮೇಡಂ, ಕನ್ನಡದಾಗ ಬೈರಿ. ಇಂಗ್ಲಿಷಿನ್ಯಾಗ ಬೈದ್ರ ನಮಗ ಹತ್ತೂದಿಲ್ರಿ" ಎಂದಿದ್ದಳು. ಹಾಗೆಂದವಳು ಆಡೂರಿನ ಕಸ್ತೂರೆವ್ವ. ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಕತ್ತರಿ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ನಾನು ಹೇಳಹೊರಟ ಪ್ರಸಂಗದಲ್ಲಿ ಆಕೆಯೂ ಇದ್ದಾಳೆ.

ಯುಗಾದಿಗೆ ಇನ್ನೂ ಎರಡು ವಾರವಿತ್ತು. ಹಾನಗಲ್ಲ ತಾಲೂಕಿನ ಆಡೂರಿನಲ್ಲಿ, ಗುಡಿಯ ಸಮೀಪದ ಸಮುದಾಯ ಭವನದಲ್ಲಿ ಹೆಂಗಸರ ಕ್ಯಾಂಪ್. ನನ್ನ ಮಾತು ಮುಗಿದು ಎಲ್ಲರೂ ಸೆರಗು ಸರಿಪಡಿಸಿಕೊಂಡು ಏಳುವ ಹೊತ್ತಿಗೆ ಒಬ್ಬಳು ಮುಂದೆ ಬಂದಳು. ಊರಿನಲ್ಲಿ ಆಕೆಗೆ ಗಿರಣಿ ನೀಲವ್ವ ಎಂದು ಹೆಸರು. ವಯಸ್ಸು ಐವತ್ತರ ಆಸುಪಾಸು. ಗಂಡ ಈರಪ್ಪನ ಜೊತೆ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಹದಿನಾರು ಹೆಂಗಸರ ಒಂದು ಭಿಶಿಗೂ ಆಕೆಯೇ ಯಜಮಾನಿ. ಭಿಶಿ ಎಂದರೆ ನಮ್ಮ ಕಡೆ ಹೆಂಗಸರು ಕೂಡಿ ತಿಂಗಳು ತಿಂಗಳು ಹಣ ಹಾಕುವ ಪದ್ಧತಿ. ಕೆಲವು ಭಿಶಿಗಳಲ್ಲಿ ಪ್ರತಿ ತಿಂಗಳು ಚೀಟಿ ಎತ್ತಿ ಒಬ್ಬರಿಗೆ ಕೊಡುತ್ತಾರೆ. ನೀಲವ್ವನ ಭಿಶಿಯಲ್ಲಿ ಹಾಗಲ್ಲ. ತಿಂಗಳಿಗೆ ತಲಾ ಎರಡು ಸಾವಿರ. ಯುಗಾದಿಯಿಂದ ಕೂಡಿಸುತ್ತಾ ಹೋಗಿ ದೀಪಾವಳಿಗೆ ಒಟ್ಟಿಗೆ ಹಂಚಿಕೊಳ್ಳುವುದು.

ಅಷ್ಟರವರೆಗೆ ಹಣ ಎಲ್ಲಿಡಬೇಕು ಎಂಬುದೇ ಅವರ ಪ್ರಶ್ನೆಯಾಗಿತ್ತು. ಹಿಂದೆ ಬೇರೆ ಊರಿನ ಒಂದು ಸಹಕಾರಿ ಸಂಘದಲ್ಲಿ ಇಟ್ಟಿದ್ದರು. ವರ್ಷ ವರ್ಷ ಸಭೆ ಆಗುತ್ತಿತ್ತು, ಆಡಿಟ್ ವರದಿ ಪಾಸಾಗುತ್ತಿತ್ತು, ಸದಸ್ಯರಿಗೆ ಚಹಾ ಮತ್ತು ಖಾರಾ ಸಿಗುತ್ತಿತ್ತು. ವರದಿ ಮಾತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಒಂದು ದಿನ ಸಂಘದ ಬಾಗಿಲು ಮುಚ್ಚಿತು. ಅಸಲಿನ ಅರ್ಧವೂ ಕೈಗೆ ಬರಲಿಲ್ಲ. ಕಸ್ತೂರೆವ್ವ ಮಗಳ ನರ್ಸಿಂಗ್ ಕೋರ್ಸಿಗೆ ಅಂತ ಇಟ್ಟಿದ್ದ ಹಣವೂ ಅದರಲ್ಲಿ ಹೋಯಿತು. ಆ ಹುಡುಗಿ ಓದು ಬಿಟ್ಟಳು.

"ಈ ಸಲ ರೊಕ್ಕ ಕಣ್ಣಿಗೆ ಕಾಣೂವಂಗ ಇಡೂನು ಅಂತೀವ್ರಿ ಮೇಡಂ," ಎಂದಳು ನೀಲವ್ವ. "ನಮ್ಮ ಅಕ್ಕನ ಮಗಳು ಸೌಮ್ಯಾ ಶಿಗ್ಗಾವಿಯಾಗ ಗಾರ್ಮೆಂಟ್ ಫ್ಯಾಕ್ಟರಿ ಅಕೌಂಟ್ಸಿನ್ಯಾಗ ಅದಾಳ. ಕ್ರಿಪ್ಟೋದಾಗ ಇಟ್ರ ಹದಿನಾರು ಮಂದೀನೂ ತಮ್ಮ ತಮ್ಮ ಫೋನಿನ್ಯಾಗ ಯಾವಾಗ ಬೇಕಾದ್ರೂ ನೋಡಬಹುದು ಅಂತಾಳ. ಖರೇನ್ರಿ?"

ಖರೆಯೇ ಆಗಿತ್ತು. ಕ್ರಿಪ್ಟೋ ಎಂಬ ಡಿಜಿಟಲ್ ನಾಣ್ಯಗಳ ಲೆಕ್ಕವೆಲ್ಲ ಬ್ಲಾಕ್‌ಚೈನಿನಲ್ಲಿರುತ್ತದೆ. ಬ್ಲಾಕ್‌ಚೈನ್ ಎಂದರೆ ಎಲ್ಲರಿಗೂ ತೆರೆದಿಟ್ಟ ಒಂದು ರಿಜಿಸ್ಟರ್. ಯಾವ ಅಡ್ರೆಸ್‌ನಿಂದ ಯಾವ ಅಡ್ರೆಸ್‌ಗೆ ಎಷ್ಟು ಹೋಯಿತು, ಯಾವ ಕ್ಷಣದಲ್ಲಿ ಹೋಯಿತು ಎಂಬುದನ್ನು ಜಗತ್ತಿನ ಯಾರು ಬೇಕಾದರೂ ನೋಡಬಹುದು. ಬರೆದದ್ದನ್ನು ಅಳಿಸಲು ಬರುವುದಿಲ್ಲ. ಆದರೆ ಅಲ್ಲಿ ಅಡ್ರೆಸ್ ಎಂದರೆ ಉದ್ದನೆಯ ಅಕ್ಷರ ಮತ್ತು ಅಂಕಿಗಳ ಸಾಲು. ಅದರ ಹಿಂದೆ ಇರುವ ಮನುಷ್ಯನ ಹೆಸರು ಕಾಣುವುದಿಲ್ಲ. ಬ್ಯಾಂಕಿನಲ್ಲಿ ಇದರ ತದ್ವಿರುದ್ಧ. ಯಾರ ಖಾತೆ, ಯಾವ ಊರು, ಯಾರ ಮಗಳು, ಎಲ್ಲವೂ ಬ್ಯಾಂಕಿಗೆ ಗೊತ್ತು. ಹೊರಗಿನವರಿಗೆ ಏನೂ ಗೊತ್ತಾಗಕೂಡದು. ನಾನು ಕೆಲಸಕ್ಕೆ ಸೇರಿದ ದಿನ ಮೊದಲು ಸಹಿ ಹಾಕಿದ ಕಾಗದವೇ ಡಿಕ್ಲರೇಷನ್ ಆಫ್ ಸೀಕ್ರೆಸಿ. ಗಿರಾಕಿಯ ಲೆಕ್ಕವನ್ನು ಗಂಡನಿಗೂ ಹೇಳುವ ಹಾಗಿಲ್ಲ ಎಂದು ಮ್ಯಾನೇಜರ್ ಹೇಳಿದಾಗ, ಆಗಿನ್ನೂ ಮದುವೆಯೇ ಆಗಿರದ ನಾನು ಬಹಳ ಗಂಭೀರವಾಗಿ ತಲೆಯಾಡಿಸಿದ್ದೆ.

ನಾನು ಅವರಿಗೆ ಮೂರು ಎಚ್ಚರಿಕೆ ಕೊಟ್ಟೆ. ಬ್ಯಾಂಕು ಮುಳುಗಿದರೆ ಐದು ಲಕ್ಷದವರೆಗಿನ ಠೇವಣಿಗೆ ಇನ್ಶೂರನ್ಸ್ ಇದೆ, ಇದಕ್ಕೆ ಇಲ್ಲ. ತೊಂದರೆಯಾದರೆ ದೂರು ಕೊಡಲು ಬ್ಯಾಂಕಿಗೆ ಇರುವಂಥ ಒಂಬಡ್ಸ್‌ಮನ್ ಇದಕ್ಕಿಲ್ಲ. ಹದಿನಾರು ಮಂದಿಯ ಹಣ ಕಾಗದದ ಮೇಲೆ ಒಬ್ಬ ಹುಡುಗಿಯದಾಗುತ್ತದೆ. ಮೂವರ ಸಹಿ ಬೇಕಾಗುವಂತೆ ಬ್ಯಾಂಕಿನಲ್ಲಿ ಒಂದು ಜಂಟಿ ಖಾತೆ ತೆಗೆಯಿರಿ, ಅದೇ ಬೆಟರ್ ಎಂದೆ.

"ಬ್ಯಾಂಕಿಗೆ ಹೋದ್ರ ಪಾಸ್‌ಬುಕ್ ಮಶೀನ್ ಕೆಟ್ಟೈತಿ, ನಾಳೆ ಬಾ ಅಂತಾರ್ರೀ," ಎಂದಳು ಕಸ್ತೂರೆವ್ವ. "ಅಲ್ಲಿ ಏನೈತಿ ಅಂತ ಅವರಿಗೇ ಕಾಣೂದಿಲ್ಲ, ನಮಗೇನು ತೋರಸ್ತಾರ?"

ಬ್ಲಾಕ್‌ಚೈನ್ ಅರ್ಥವಾಗಲಿ ಎಂದು ನಾನು ಗುಡಿಯ ಕಡೆ ಕೈ ತೋರಿಸಿದೆ. ಆಡೂರಿನ ಶಾಸನಗಳು ಚಾಲುಕ್ಯರ ಕಾಲದವು. "ಅಲ್ಲಿಯ ಕಲ್ಲು ನೋಡ್ರಿ. ದಾನ ಕೊಟ್ಟದ್ದನ್ನು ಎಲ್ಲರ ಎದುರಿಗೆ ಕೊರೆಸಿಟ್ಟಿದ್ದಾರೆ. ಯಾರೂ ಬಚ್ಚಿಡಲಾರರು, ಯಾರೂ ತಿದ್ದಲಾರರು. ಇದೂ ಹಾಗೇ" ಎಂದೆ. ಉದಾಹರಣೆ ಚೆನ್ನಾಗಿದೆ ಎಂದು ನನಗೇ ಖುಷಿಯಾಯಿತು.

"ಕಲ್ಲು ಎಲ್ಲಾರಿಗೂ ಕಾಣತೈತ್ರಿ ಮೇಡಂ," ಎಂದಳು ಕಸ್ತೂರೆವ್ವ. "ಅದರಾಗ ಏನು ಬರದೈತಿ ಅಂತ ಓದಾಕ ಈ ಊರಾಗ ಯಾರಿಗೆ ಬರತೈತ್ರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ನಗು ನಗುತ್ತಲೇ ಅವರು ಕ್ರಿಪ್ಟೋವನ್ನೇ ಆರಿಸಿಕೊಂಡರು. ನನ್ನ ಮಾತನ್ನು ತಳ್ಳಿಹಾಕಿದರು ಎಂದು ಬೇಸರವಾಯಿತು, ಆದರೆ ಅವರ ಲಾಜಿಕ್ ತಪ್ಪು ಎನ್ನಲಾಗಲಿಲ್ಲ. ಲೆಕ್ಕ ಕಾಣದೆ ಮೋಸಹೋದವರು ಲೆಕ್ಕ ಕಾಣುವ ಕಡೆ ಹೋಗುತ್ತಾರೆ. ಸೌಮ್ಯಾ ಬಿಟ್‌ಕಾಯಿನ್‌ನಂತೆ ಏರಿಳಿಯುವ ನಾಣ್ಯ ಬೇಡವೆಂದು ಸ್ಟೇಬಲ್ ಕಾಯಿನ್ ಆರಿಸಿದಳು. ಅದರ ಬೆಲೆಯನ್ನು ಡಾಲರಿಗೆ ಕಟ್ಟಿರುತ್ತಾರೆ, ಹೆಚ್ಚು ಅಲುಗಾಡುವುದಿಲ್ಲ. ಒಂದು ಎಕ್ಸ್‌ಚೇಂಜಿನಲ್ಲಿ, ಎಂದರೆ ಇಂಥ ನಾಣ್ಯಗಳನ್ನು ಕೊಂಡು ಮಾರುವ ಕಂಪನಿಯ ಆ್ಯಪಿನಲ್ಲಿ, ತನ್ನ ಹೆಸರಿನ ಖಾತೆ ತೆರೆದಳು. ತಿಂಗಳು ತಿಂಗಳು ಪರಿಚಯದವರೊಬ್ಬರಿಂದ ನಾಣ್ಯ ಕೊಂಡು, ಎಕ್ಸ್‌ಚೇಂಜ್ ತನಗೆ ಕೊಟ್ಟಿದ್ದ ಡಿಪಾಸಿಟ್ ಅಡ್ರೆಸ್‌ಗೆ ಹಾಕಿಸುತ್ತಿದ್ದಳು. ಆ ಅಡ್ರೆಸ್ಸನ್ನು ತೆರೆದ ರಿಜಿಸ್ಟರಿನಲ್ಲಿ ತೋರಿಸುವ ಲಿಂಕನ್ನು ಭಿಶಿಯ ಮೊಬೈಲ್ ಗ್ರೂಪಿಗೆ ಹಾಕಿಕೊಟ್ಟಳು.

ನಂತರದ ತಿಂಗಳುಗಳಲ್ಲಿ ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಯಾರಾದರೂ ಒಬ್ಬರು ಫೋನ್ ಹಿಡಿದು ತೋರಿಸುತ್ತಿದ್ದರು. ಕಂತು ಬಿದ್ದ ಹಾಗೆ ಅಂಕಿ ಏರುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು ಒಮ್ಮೆ ನೋಡುವುದು, ಬಸ್ಸಿನಲ್ಲಿ ಕುಳಿತು ಒಮ್ಮೆ ನೋಡುವುದು. ತಮ್ಮ ಹಣವನ್ನು ನೋಡುವ ಸುಖ ಅವರಿಗೆ ಬದುಕಿನಲ್ಲಿ ಮೊದಲ ಸಲ ಸಿಕ್ಕಿತ್ತು. ಐ ಮಸ್ಟ್ ಸೇ, ನನಗೂ ಒಂದು ಬಗೆಯ ಅಸೂಯೆಯಾಯಿತು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದರೂ ಯಾವ ಗಿರಾಕಿಯ ಮುಖದಲ್ಲೂ ಇಂಥ ನಿಶ್ಚಿಂತೆಯನ್ನು ನಾನು ತಂದಿರಲಿಲ್ಲ.

ಗಣಪತಿಯನ್ನು ಕಳಿಸಿದ ಮರುವಾರ ಏಳನೆಯ ಕಂತು ಬಿತ್ತು. ಅಲ್ಲಿಗೆ ಒಟ್ಟು ಎರಡು ಲಕ್ಷ ಇಪ್ಪತ್ನಾಲ್ಕು ಸಾವಿರ ರೂಪಾಯಿ. ಮರುದಿನ ಬೆಳಿಗ್ಗೆ ಕಸ್ತೂರೆವ್ವ ಲಿಂಕ್ ತೆರೆದಳು. ಸೊನ್ನೆ. ಗ್ರೂಪಿಗೆ ಹಾಕಿದಳು. ಉಳಿದವರೂ ತೆರೆದರು. ಎಲ್ಲರ ಫೋನಿನಲ್ಲೂ ಅದೇ ಸೊನ್ನೆ. ಹಣ ಹಿಂದಿನ ಸಂಜೆಯೇ ಯಾವುದೋ ಗುರುತಿಲ್ಲದ ಅಡ್ರೆಸ್‌ಗೆ ಹೋಗಿತ್ತು, ಅದೂ ಎಲ್ಲರಿಗೂ ಕಾಣುತ್ತಿತ್ತು.

ನನಗೆ ವಿಷಯ ತಿಳಿದದ್ದು ಈರಪ್ಪ ಹಾನಗಲ್ಲಿನ ಆಫೀಸಿಗೆ ಬಂದಾಗ. ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. "ಮೇಡಂ, ನಮ್ಮಾಕಿ ಸರಿಯಾಗಿ ಉಣ್ಣಾಕತ್ತಿಲ್ರಿ. ನೀವು ಬಂದು ಮಂದಿಗೆ ಒಂದು ಮಾತು ಹೇಳ್ರಿ. ನಿಮ್ಮ ಮಾತು ಕೇಳ್ತಾರ" ಎಂದರು. ನನ್ನ ಮಾತನ್ನು ಆ ಹೆಂಗಸರು ಹಿಂದೆ ಎಷ್ಟು ಕೇಳಿದ್ದರು ಎಂಬುದು ನನಗೆ ಗೊತ್ತಿತ್ತು. ಆದರೂ ಈರಪ್ಪನ ಜೊತೆಗೇ ಬಸ್ಸು ಹತ್ತಿದೆ.

ಗಿರಣಿಯ ಮುಂದೆ ನಾಲ್ಕಾರು ಹೆಂಗಸರು ನಿಂತಿದ್ದರು. ನಮ್ಮ ಕಡೆ ಗಿರಣಿಯ ಮುಂದೆ ಯಾರೂ ನಿಲ್ಲುವುದಿಲ್ಲ. ಜೋಳದ ಡಬ್ಬಿಯನ್ನು ತಂದಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಾರೆ. ಸಂಜೆಗೆ ಬಂದು ಹಿಟ್ಟು ಒಯ್ಯುತ್ತಾರೆ. ಯಾರ ಡಬ್ಬಿ ಯಾವುದು ಎಂಬುದು ಗಿರಣಿಯವರಿಗೆ ಗೊತ್ತಿರುತ್ತದೆ. ಹಿಟ್ಟು ಕಡಿಮೆಯಾಯಿತೇ ಎಂದು ಮನೆಗೆ ಹೋಗಿ ತೂಗುವವರಿಲ್ಲ. ಆ ದಿನ ಅವರೆಲ್ಲ ಕೈ ಕಟ್ಟಿಕೊಂಡು, ಹಿಟ್ಟು ಬೀಳುವ ಬಾಯಿಯನ್ನೇ ನೋಡುತ್ತ ನಿಂತಿದ್ದರು. ನೀಲವ್ವ ತಲೆ ಎತ್ತದೆ ಬೀಸುತ್ತಿದ್ದಳು.

ಮೋಟಾರು ನಿಲ್ಲಿಸಿದ ಮೇಲೆ ನನ್ನ ಹತ್ತಿರ ಬಂದಳು. "ಮದಿವಿ ಆಗಿ ಬಂದಾಗಿಂದ ಬೀಸಾಕತ್ತೇನ್ರಿ ಮೇಡಂ. ಒಂದು ಹಿಡಿ ಹೆಚ್ಚುಕಡಿಮಿ ಆತು ಅಂತ ಯಾರೂ ಅಂದಿಲ್ಲ. ಈಗ ನಿಂತು ನೋಡಾಕತ್ತಾರ."

ಮಧ್ಯಾಹ್ನ ಸಮುದಾಯ ಭವನದಲ್ಲಿ ಎಲ್ಲರೂ ಸೇರಿದರು. ಸೌಮ್ಯಾ ಮೊದಲ ದಿನ ಫೋನಿನಲ್ಲಿ, ಆ್ಯಪಿನಲ್ಲಿ ಹಣ ಪೂರ್ತಿ ಇದೆ, ಸರ್ವರ್ ಪ್ರಾಬ್ಲಂ ಇರಬೇಕು ಎಂದಿದ್ದಳಂತೆ. ಆಮೇಲೆ ಫೋನ್ ಸ್ವಿಚ್ ಆಫ್.

"ಆ್ಯಪಿನ್ಯಾಗ ಐತಿ ಅಂತಾಳ," ಎಂದಳು ಕಸ್ತೂರೆವ್ವ. ಆ ದಿನ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಆ್ಯಪ್ ಆಕಿದು. ಅದರ ಪಾಸ್‌ವರ್ಡ್ ಆಕಿದು. ಎಲ್ಲಾರ್ದೂ ಅಂತ ಕೊಟ್ಟ ಲಿಂಕಿನ್ಯಾಗ ಸೊನ್ನಿ ಐತಿ. ಯಾವುದು ನಂಬೂನ್ರಿ ಮೇಡಂ? ನೀವ ಹೇಳಿದ್ರಲ್ಲ, ಅದನ್ನ ಯಾರೂ ತಿದ್ದಾಕ ಬರೂದಿಲ್ಲ ಅಂತ?"

ಯಾವ ಆಡಿಟರ್ ಆದರೂ ಇದೇ ಪ್ರಶ್ನೆ ಕೇಳಬೇಕು. ಒಬ್ಬರ ಕೈಯಲ್ಲಿರುವ ಮುಚ್ಚಿದ ಲೆಕ್ಕ ಒಂದು ಹೇಳುತ್ತದೆ, ಎಲ್ಲರಿಗೂ ತೆರೆದ ಲೆಕ್ಕ ಇನ್ನೊಂದು ಹೇಳುತ್ತದೆ, ನಂಬಬೇಕಾದದ್ದು ತೆರೆದದ್ದನ್ನೇ. ಗೊತ್ತಿಲ್ಲ, ಶಿಗ್ಗಾವಿಗೆ ಹೋಗಿ ನೋಡಿಬರುತ್ತೇನೆ ಎಂದಷ್ಟೇ ಹೇಳಿದೆ.

ಸಭೆ ತೀರ್ಮಾನಿಸಿತು. ಸೋಮವಾರದೊಳಗೆ ಹಣ ಬರದಿದ್ದರೆ ನೀಲವ್ವ ಗಿರಣಿಯ ಚಾವಿಯನ್ನು ಭಿಶಿಯವರ ಕೈಗೆ ಕೊಡಬೇಕು. ಮೋಟಾರು, ಕಲ್ಲು ಎಲ್ಲ ಮಾರಿ ಹಂಚಿಕೊಳ್ಳುತ್ತಾರೆ. ಈರಪ್ಪ ಏನೋ ಹೇಳಲು ಹೋದರು. ನೀಲವ್ವ ಅವರ ಕೈ ಹಿಡಿದು ಕೂರಿಸಿದಳು. "ಆಗ್ಲಿ" ಎಂದಳು. ಅಷ್ಟೇ.

ಮರುದಿನ ಶಿಗ್ಗಾವಿಯಲ್ಲಿ, ಫ್ಯಾಕ್ಟರಿಯ ಗೇಟಿನ ಹೊರಗಿನ ಚಹಾದ ಅಂಗಡಿಯಲ್ಲಿ, ಊಟದ ಬಿಡುವಿನಲ್ಲಿ ಸೌಮ್ಯಾ ಸಿಕ್ಕಳು. ಇಪ್ಪತ್ತಾರು ವರ್ಷದ ಹುಡುಗಿ. ಕಣ್ಣು ಊದಿಕೊಂಡಿದ್ದವು. ಫೋನ್ ಯಾಕೆ ಆಫ್ ಮಾಡಿದೆ ಎಂದು ನಾನು ಕೇಳುವ ಮೊದಲೇ ಹೇಳಿದಳು. "ಏನಾಗೇತಿ ಅಂತ ನನಗೂ ಗೊತ್ತಿರಲಿಲ್ರಿ. ಸರ್ವರ್ ಪ್ರಾಬ್ಲಂ ಅಂತ ಬಾಯಿಗೆ ಬಂದದ್ದು ಅಂದುಬಿಟ್ಟೆ. ಗೊತ್ತಿಲ್ಲ ಅನ್ನಾಕ ಅಂಜಿಕಿ ಆತು. ಆಮ್ಯಾಲ ಎಲ್ಲಾರೂ ಕಳ್ಳಿ ಅಂತ ಬರಿಯಾಕತ್ರು..."

"ನಿನಗಲ್ಲ, ನಿನ್ನ ಚಿಗವ್ವಗ ಅನ್ನಾಕತ್ತಾರ" ಎಂದೆ. ಹುಡುಗಿ ಬಿಕ್ಕಿ ಅತ್ತಳು.

ಅಳು ನಿಂತ ಮೇಲೆ ಇಬ್ಬರೂ ಪಕ್ಕ ಪಕ್ಕ ಕುಳಿತು ಆ ರಿಜಿಸ್ಟರ್ ತೆರೆದೆವು. ಕಾನ್ವೆಂಟಿನಲ್ಲಿ ನಮಗೆ ಗಣಿತ ಹೇಳುತ್ತಿದ್ದ ಸಿಸ್ಟರ್ ಒಬ್ಬರು ಉತ್ತರ ಸರಿಯಿದ್ದರೂ ಮಾರ್ಕ್ಸ್ ಕೊಡುತ್ತಿರಲಿಲ್ಲ. "ಶೋ ಯುವರ್ ವರ್ಕಿಂಗ್, ಚೈಲ್ಡ್" ಎನ್ನುತ್ತಿದ್ದರು. ಬ್ಯಾಂಕು ಗಿರಾಕಿಗೆ ಉತ್ತರವನ್ನಷ್ಟೇ ತೋರಿಸುತ್ತದೆ, ಬ್ಯಾಲೆನ್ಸ್ ಇಷ್ಟು ಎಂದು. ಇಲ್ಲಿ ವರ್ಕಿಂಗ್ ಪೂರ್ತಿ ಇತ್ತು. ಅದನ್ನು ಹಿಂದಿನಿಂದ ಓದಿಕೊಂಡು ಬರುವ ತಾಳ್ಮೆ ಬೇಕಿತ್ತು. ಹದಿನಾರು ಮಂದಿ ನೋಡಿದ್ದು ಕೊನೆಯ ಸಾಲಿನ ಸೊನ್ನೆಯನ್ನು. ನಾನು ಹಣ ಹೋದ ಅಡ್ರೆಸ್ಸನ್ನು ಒತ್ತಿದೆ. ಅದರ ಪುಟ ತೆರೆಯಿತು. ಅದರ ಮೇಲೆ ಒಂದು ಸಣ್ಣ ಚೀಟಿಯಂತೆ ಎಕ್ಸ್‌ಚೇಂಜಿನ ಹೆಸರಿತ್ತು. ಕೆಳಗೆ ನೋಡಿದರೆ ಸೌಮ್ಯಾಳ ಹಣ ಬಂದ ಹಾಗೆಯೇ ಬೇರೆ ಬೇರೆ ಅಡ್ರೆಸ್‌ಗಳಿಂದ ಅದೇ ಜಾಗಕ್ಕೆ ಹಣ ಬರುತ್ತಲೇ ಇತ್ತು. ಒಂದರ ಹಿಂದೊಂದು, ಇರುವೆ ಸಾಲಿನ ಹಾಗೆ. ಅಲ್ಲಿಗೆ ಹಣ ಕಳಿಸಿದ ಒಂದೊಂದು ಅಡ್ರೆಸ್ಸಿನಲ್ಲೂ ಈಗ ಸೊನ್ನೆ.

ಆಗ ನನಗೆ ನನ್ನ ಹಿರೇಕೆರೂರು ತಾಲೂಕಿನ ದಿನಗಳು ನೆನಪಾದವು. ಎಂಬತ್ತರ ದಶಕ. ಹಂಸಭಾವಿಯ ದಾರಿಯ ಒಂದು ಸಣ್ಣ ಶಾಖೆಯಲ್ಲಿ ನಾನು ಕ್ಯಾಶ್ ಕೌಂಟರಿನಲ್ಲಿದ್ದೆ. ಪ್ರತಿ ಶಾಖೆಗೂ ಕ್ಯಾಶ್ ರಿಟೆನ್ಷನ್ ಲಿಮಿಟ್ ಎಂದು ಒಂದಿರುತ್ತದೆ. ತಿಜೋರಿಯಲ್ಲಿ ಅದಕ್ಕಿಂತ ಹೆಚ್ಚು ನೋಟು ಸೇರಿದರೆ, ಹೆಚ್ಚಿನದನ್ನು ಕರೆನ್ಸಿ ಚೆಸ್ಟ್ ಎಂಬ ದೊಡ್ಡ ಖಜಾನೆಗೆ ಕಳಿಸಬೇಕು. ಒಂದು ಸಲ ಸುಗ್ಗಿಯ ನಂತರ ಹಣ ಬಹಳ ಸೇರಿತ್ತು. ಬಂದೂಕಿನವನ ಜೊತೆ ಜೀಪು ಬಂತು, ಕಬ್ಬಿಣದ ಪೆಟ್ಟಿಗೆಗಳು ಹೊರಗೆ ಹೋದವು. ಅದನ್ನು ಊರು ನೋಡಿತು. ಮರುದಿನ ಬಾಗಿಲು ತೆರೆಯುವ ಮೊದಲೇ ಪಾಸ್‌ಬುಕ್ ಹಿಡಿದವರ ಸಾಲು ನಿಂತಿತ್ತು, ಬ್ಯಾಂಕು ಖಾಲಿಯಾಯಿತು ಎಂದು. ನಮ್ಮ ಮ್ಯಾನೇಜರ್ ತಿಜೋರಿ ತೆರೆದು ತೋರಿಸುವ ಹಾಗಿರಲಿಲ್ಲ; ರೂಲ್ಸ್ ಇಲ್ಲ. ಅವರು ಒಂದು ಕುರ್ಚಿ ತಂದು ಬಾಗಿಲಲ್ಲಿ ಹಾಕಿಕೊಂಡು ಕುಳಿತರು. ಬಂದವರಿಗೆಲ್ಲ ಒಬ್ಬೊಬ್ಬರಿಗೆ ಹೇಳಿದರು: ಪೆಟ್ಟಿಗೆ ಹೋದರೆ ನಿಮ್ಮ ಹಣ ಹೋಗಲಿಲ್ಲ, ಬೇಕಾದವರು ಈಗಲೇ ತೆಗೆದುಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ಸಾಲು ಕರಗಿತು.

ಎಕ್ಸ್‌ಚೇಂಜಿನಲ್ಲಿ ಆದದ್ದೂ ಅದೇ. ಪ್ರತಿ ಗಿರಾಕಿಗೂ ಒಂದು ಡಿಪಾಸಿಟ್ ಅಡ್ರೆಸ್ ಕೊಟ್ಟಿರುತ್ತಾರೆ. ಅದರಲ್ಲಿ ಒಂದು ಮಿತಿಯವರೆಗೆ ನಾಣ್ಯ ಬಿಡುತ್ತಾರೆ, ಯಾಕೆಂದರೆ ಪ್ರತಿ ಸಲ ಸಾಗಿಸಲೂ ಫೀ ಬೀಳುತ್ತದೆ. ಮಿತಿ ದಾಟಿದ ಕೂಡಲೇ ಕಂಪ್ಯೂಟರೇ ಅದನ್ನು ಗುಡಿಸಿ ಕಂಪನಿಯ ದೊಡ್ಡ ವ್ಯಾಲೆಟ್ಟಿಗೆ ಸಾಗಿಸುತ್ತದೆ. ಇದಕ್ಕೆ ಸ್ವೀಪ್ ಎನ್ನುತ್ತಾರೆ. ಗಿರಾಕಿಯ ಲೆಕ್ಕ ಕಂಪನಿಯ ಒಳಗಿನ ಪುಸ್ತಕದಲ್ಲಿ ಹಾಗೆಯೇ ಇರುತ್ತದೆ. ಏಳನೆಯ ಕಂತಿಗೆ ನೀಲವ್ವನ ಭಿಶಿ ಆ ಮಿತಿ ದಾಟಿತ್ತು. ತೆರೆದ ರಿಜಿಸ್ಟರು ಸುಳ್ಳು ಹೇಳಿರಲಿಲ್ಲ, ಆ್ಯಪೂ ಸುಳ್ಳು ಹೇಳಿರಲಿಲ್ಲ. ಎಕ್ಸ್‌ಚೇಂಜಿಗೆ ಹಣ ಕೊಟ್ಟ ಮೇಲೆ ಅದು ಮತ್ತೊಂದು ಬ್ಯಾಂಕೇ, ಮುಚ್ಚಿದ ಪುಸ್ತಕವೇ ಎಂಬುದನ್ನು ಸೌಮ್ಯಾ ತಿಳಿದಿರಲಿಲ್ಲ. ಆಕೆ ಗ್ರೂಪಿಗೆ ಕೊಟ್ಟ ಲಿಂಕು ತಿಜೋರಿಯದಲ್ಲ, ಕೌಂಟರಿನ ಡ್ರಾವರಿನದು.

ಊಹೆ ಸಾಲದು, ಹಣ ಕೈಗೆ ಬರಬೇಕು. ಸ್ವಲ್ಪ ನಾಣ್ಯ ಮಾರಿಸಿ ಒಂದು ಸಾವಿರ ರೂಪಾಯಿಯನ್ನು ಸೌಮ್ಯಾಳ ಬ್ಯಾಂಕ್ ಖಾತೆಗೆ ತರಿಸಿದೆವು. ಬಂತು. ಇಬ್ಬರೂ ಉಸಿರು ಬಿಟ್ಟೆವು. ಉಳಿದದ್ದನ್ನೆಲ್ಲ ಮಾರಿ ಒಟ್ಟಿಗೆ ತೆಗೆಯಲು ಹೋದಾಗ ಆ್ಯಪ್ ತಡೆಯಿತು. ದೊಡ್ಡ ಮೊತ್ತ, ನಿಮ್ಮ ಕೆವೈಸಿ ಮತ್ತೆ ಪರಿಶೀಲಿಸಬೇಕು, ಕಾಯಿರಿ ಎಂದಿತು. ಎಷ್ಟು ದಿನ ಎಂದು ಹೇಳಲಿಲ್ಲ. ನಾವು ಬರೆದ ಪ್ರತಿ ಪತ್ರಕ್ಕೂ ಅದೇ ನಾಲ್ಕು ಸಾಲಿನ ಇಂಗ್ಲಿಷ್ ಉತ್ತರ, ಕೊನೆಯಲ್ಲಿ ಒಂದು ಟಿಕೆಟ್ ನಂಬರ್. ನನ್ನ ಇಂಗ್ಲಿಷನ್ನೆಲ್ಲ ಬಳಸಿ ಬರೆದೆ, ಡಿಯರ್ ಸರ್ ಎಂದು ಶುರುಮಾಡಿ, ಒಬ್ಬ ಹೆಂಗಸಿನ ಜೀವನೋಪಾಯದ ಪ್ರಶ್ನೆ ಎಂದು ಸೇರಿಸಿ. ಆಚೆ ಓದುವ ಸರ್ ಯಾರೂ ಇರಲಿಲ್ಲ ಎಂದು ಕಾಣುತ್ತದೆ. ಬ್ಯಾಂಕಿನಲ್ಲಾದರೆ ಒಳಗೆ ನುಗ್ಗಿ ಮೇಜು ಕುಟ್ಟಲು ಒಂದು ಕ್ಯಾಬಿನ್ ಇರುತ್ತದೆ. ಎಷ್ಟೋ ಜನ ನನ್ನ ಮೇಜು ಕುಟ್ಟಿದ್ದಾರೆ. ಆ ದಿನ ಅವರೆಲ್ಲರ ಮೇಲೆ ನನಗೆ ಪ್ರೀತಿ ಹುಟ್ಟಿತು.

ಸೋಮವಾರ ಬಂತು, ಹಣ ಬರಲಿಲ್ಲ. ನಾನು ಸೌಮ್ಯಾಳನ್ನು ಕರೆದುಕೊಂಡು ಆಡೂರಿಗೆ ಹೋದೆ. ಸಭೆಯಲ್ಲಿ ಸ್ವೀಪ್ ಎಂದರೇನು, ಹಣ ಎಲ್ಲಿದೆ ಎಂಬುದನ್ನು ಪೆಟ್ಟಿಗೆ, ಜೀಪು, ತಿಜೋರಿಯ ಹೋಲಿಕೆ ಕೊಟ್ಟು ವಿವರಿಸಿದೆ. ಆ ಸಾವಿರ ರೂಪಾಯಿಯ ಬ್ಯಾಂಕ್ ಮೆಸೇಜ್ ತೋರಿಸಿದೆ. ಕೆಲವರು ತಲೆಯಾಡಿಸಿದರು.

ಕಸ್ತೂರೆವ್ವ ಆಡಿಸಲಿಲ್ಲ. "ಸಾವಿರ ತೋರಿಸಿ ಲಕ್ಷ ನುಂಗೂ ಮಂದೀನ ನಾವು ನೋಡೇವ್ರಿ ಮೇಡಂ. ಸೊಸೈಟಿಯವರೂ ಮೊದಲ ವರ್ಷ ಬಡ್ಡಿ ಕೊಟ್ಟಿದ್ರು. ನೀವು ಚಂದ ಹೇಳ್ತೀರಿ. ರೊಕ್ಕ ಎಲ್ಲೈತ್ರಿ?"

"ಇನ್ನೆರಡು ದಿನ ತಡೀರಿ" ಎಂದೆ.

"ಸೊಸೈಟಿ ಮುಂದ ನಾನು ಎರಡು ವರ್ಷ ತಡದೇನಿ," ಎಂದಳು. ಅವಳ ಕಣ್ಣು ತುಂಬಿದ್ದವು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದಾಗಲಿಲ್ಲ.

ನೀಲವ್ವ ಎದ್ದಳು. ಸೊಂಟದಿಂದ ಚಾವಿ ಬಿಚ್ಚಿ ಕಸ್ತೂರೆವ್ವನ ಮುಂದೆ ಇಟ್ಟಳು. "ಮಾತು ಕೊಟ್ಟಿದ್ದೆ," ಎಂದಳು. ಸೌಮ್ಯಾ, "ಚಿಗವ್ವಾ, ಬ್ಯಾಡಬೇ" ಎಂದು ಕೂಗಿದಳು. ನೀಲವ್ವ ಕೇಳಿಸದವಳಂತೆ ಹೊರಗೆ ಹೋದಳು. ಆ ದಿನ ಆಡೂರಿನಲ್ಲಿ ಗಿರಣಿಯ ಸದ್ದಿರಲಿಲ್ಲ. ಮರುದಿನವೂ ಇರಲಿಲ್ಲ. ಹಿಟ್ಟು ಬೇಕಾದವರು ಡಬ್ಬಿ ಹೊತ್ತು ಪಕ್ಕದ ಊರಿಗೆ ಹೋದರು.

ಬುಧವಾರ ಮಧ್ಯಾಹ್ನ ಹಣ ಬಂತು. ಯಾವ ವಿವರಣೆಯೂ ಇಲ್ಲ, ಕ್ಷಮೆಯೂ ಇಲ್ಲ. ಸೌಮ್ಯಾಳ ಖಾತೆಗೆ ಒಂದು ಜಮೆ, ಅಷ್ಟೇ. ಇಂಥ ನಾಣ್ಯ ಮಾರಿದಾಗ ನೂರಕ್ಕೆ ಒಂದರಂತೆ ಟಿಡಿಎಸ್ ಎಂಬ ತೆರಿಗೆ ಮುರಿಯುತ್ತಾರೆ. ಅದೂ ಫೀಯೂ ಸೇರಿ ಕಡಿಮೆಯಾದದ್ದನ್ನು ಹುಡುಗಿ ತನ್ನ ಸಂಬಳದಿಂದ ತುಂಬಿದಳು. ಸಂಜೆ ಅದೇ ಸಮುದಾಯ ಭವನದಲ್ಲಿ ಹದಿನಾರು ಮಂದಿಗೂ ತಲಾ ಹದಿನಾಲ್ಕು ಸಾವಿರ ನೋಟುಗಳಲ್ಲಿ ಹಂಚಿದೆವು. ತನ್ನ ಪಾಲನ್ನು ನೀಲವ್ವ ಈರಪ್ಪನ ಕೈಯಲ್ಲಿ ತರಿಸಿಕೊಂಡಳು. ಸಭೆಗೆ ಬರಲಿಲ್ಲ.

ಹಂಚಿ ಮುಗಿದ ಮೇಲೆ ಎಲ್ಲರೂ ಒಟ್ಟಾಗಿ ಗಿರಣಿಗೆ ಹೋದರು. ನಾನೂ ಹೋದೆ. ನೀಲವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಕಸ್ತೂರೆವ್ವ ಚಾವಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.

"ತಪ್ಪಾತು ನೀಲಕ್ಕ. ಸೊನ್ನಿ ಕಂಡು ಎದಿ ಒಡೀತು. ತಲಿ ಓಡಲಿಲ್ಲ."

ನೀಲವ್ವ ಚಾವಿ ತೆಗೆದುಕೊಂಡಳು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಲ್ಲಗೆ ಹೇಳಿದಳು. "ಹದಿನಾರು ಫೋನಿನ್ಯಾಗ ನೋಡಿದ್ರಿ. ನನ್ನ ಮನಿ ನಿಮ್ಮ ಮನಿಯಿಂದ ನಾಕು ಹೆಜ್ಜಿ. ಒಬ್ಬಾಕಿಯರ ಬಂದು, ನೀಲಕ್ಕ, ಏನಾಗೇತಿ ಅಂತ ಕೇಳಿದ್ರೇನಬೇ?"

ನಾನು ತಲೆ ತಗ್ಗಿಸಿದೆ, ಯಾಕೆಂದರೆ ಯೋಚಿಸಿದರೆ ಅದು ನಿಜವಾಗಿತ್ತು. ಗ್ರೂಪಿನಲ್ಲಿ ಬರೆದರು, ಸಭೆ ಕರೆದರು, ಗಿರಣಿಯ ಮುಂದೆ ನಿಂತು ನೋಡಿದರು. ಯಾರೂ ಕೇಳಿರಲಿಲ್ಲ.

"ದೀಪಾವಳಿ ಮುಗದ ಮ್ಯಾಲ ಮತ್ತ ನೀನ ಭಿಶಿ ಹಿಡೀಬೇಕು, ಈ ಸಲ ಬ್ಯಾಂಕಿನ್ಯಾಗ ಇಡೂನು" ಎಂದರು ಯಾರೋ ಹಿಂದಿನಿಂದ.

"ಭಿಶಿ ಬ್ಯಾಡ," ಎಂದಳು ನೀಲವ್ವ. "ಗಿರಣಿ ಐತಿ. ಜ್ವಾಳ ತರ್ರಿ, ಬೀಸಿ ಕೊಡ್ತೇನಿ."

ಈ ಪ್ರಕರಣದ ಮೇಲೆ ನಾನು ಮೇಲಿನವರಿಗೆ ಎರಡು ಪುಟದ ವರದಿ ಬರೆದೆ. ಲಿಂಕು ಯಾವುದರದು ಎಂದು ತಿಳಿಯದೆ ನಂಬಬೇಡಿ, ಗುಂಪಿನ ಹಣವನ್ನು ಒಬ್ಬರ ಹೆಸರಿನಲ್ಲಿ ಇಡಬೇಡಿ ಎಂಬುದೆಲ್ಲ ಅದರಲ್ಲಿತ್ತು. ಎಲ್ಲವೂ ಸರಿಯೇ. ಆದರೆ ಆ ಪ್ರಸಂಗ ನನಗೆ ಕಲಿಸಿದ್ದು ವರದಿಯಲ್ಲಿ ಬರೆಯುವಂಥದ್ದಾಗಿರಲಿಲ್ಲ. ಟ್ರಾನ್ಸ್‌ಪರೆನ್ಸಿ ಎಂಬ ಪದವನ್ನು ನಾನು ಇಷ್ಟು ವರ್ಷ ಕಿಟಕಿಯ ಗಾಜಿನಂತೆ ತಿಳಿದಿದ್ದೆ: ಒಳಗಿರುವುದು ಕಂಡರೆ ಮುಗಿಯಿತು. ಬ್ಯಾಂಕಿನವರು ತೋರಿಸುವುದಿಲ್ಲ, ಅದು ನಮ್ಮ ದೋಷ. ಬ್ಲಾಕ್‌ಚೈನಿನವರು ತೋರಿಸುತ್ತಾರೆ, ಅದು ಅವರ ಹೆಚ್ಚುಗಾರಿಕೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಕಂಡದ್ದಕ್ಕೆ ಅರ್ಥ ಹೇಳಲು ಒಬ್ಬ ಮನುಷ್ಯ ಬಾಗಿಲಲ್ಲಿ ಕುಳಿತಿರಬೇಕು. ಅವನನ್ನು ಕೇಳುವಷ್ಟು ತಾಳ್ಮೆ ಹೊರಗಿನವರಿಗೂ ಇರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೆ, ಎಲ್ಲವೂ ಕಾಣುವ ಲೆಕ್ಕವೇ ಒಬ್ಬಳನ್ನು ಕಳ್ಳಿ ಮಾಡಬಲ್ಲದು. ಈಗ ಕ್ಯಾಂಪಿನ ಕೊನೆಗೆ ನಾನು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಹಣದಲ್ಲಿ ಏನಾದರೂ ಹೆಚ್ಚುಕಡಿಮೆ ಕಂಡರೆ ಮೊದಲು ಯಾರ ಮನೆಗೆ ಹೋಗಿ ಕೇಳುತ್ತೀರಿ? ಉತ್ತರ ಗೊತ್ತಿಲ್ಲದವರಿಗೆ ಹಣ ಇಡಬೇಡಿ ಎನ್ನುತ್ತೇನೆ, ಅದು ಬ್ಯಾಂಕಿರಲಿ, ಕ್ರಿಪ್ಟೋ ಇರಲಿ.

ಮುಂದಿನ ಯುಗಾದಿಯ ಹೊತ್ತಿಗೆ ಮತ್ತೆ ಆಡೂರಿಗೆ ಹೋದೆ. ಗಿರಣಿ ನಡೆಯುತ್ತಿತ್ತು. ಕಸ್ತೂರೆವ್ವ ಡಬ್ಬಿ ತಂದಿಟ್ಟು, "ಸಂಜಿಕ ಬರ್ತೇನಿ ನೀಲಕ್ಕ" ಎಂದು ಮೊದಲಿನ ಹಾಗೆ ತಿರುಗಿದಳು.

"ನಿಂದ್ರು," ಎಂದಳು ನೀಲವ್ವ. ಸಿಟ್ಟಿರಲಿಲ್ಲ ಆ ದನಿಯಲ್ಲಿ. "ಬೀಸೂದು ನೋಡಿಕೊಂಡು ಹೋಗು."

ಕಸ್ತೂರೆವ್ವ ನಿಂತಳು. ಹಿಟ್ಟು ಬೀಳತೊಡಗಿತು. ಅವಳು ಮುಖವನ್ನು ಬೀದಿಯ ಕಡೆ ತಿರುಗಿಸಿಕೊಂಡು, ಮುಗಿಯುವವರೆಗೂ ಹಾಗೆಯೇ ನಿಂತಿದ್ದಳು.